ಆರು ಸಲ ಬಿದ್ದು ಏಳುವ ಆಟ

ಭಾಗ 1/10

ರಗ್ಬಿ ಅಂದ ಕೂಡಲೇ ನಿಮಗೆ ನೆನಪಾಗೋದು ಏನು? ಮೊಟ್ಟೆಯಾಕಾರದ ಚೆಂಡು, ಕೆಸರು, ಒಬ್ಬರ ಮೇಲೊಬ್ಬರು ಬಿದ್ದಿರೋ ದಢೂತಿ ಆಸಾಮಿಗಳು. ಇಷ್ಟೇ ತಾನೇ? ತಪ್ಪೇನಿಲ್ಲ ಬಿಡಿ. ನಮಗೆ ಯಾರೂ ಇದನ್ನ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಸ್ಕೂಲ್ ಪಿ.ಟಿ. ಪೀರಿಯಡ್ಡಲ್ಲಿ ಕಬಡ್ಡಿ, ಖೋ ಖೋ, ಥ್ರೋಬಾಲ್ ಮುಗಿದರೆ ಬೆಲ್ ಹೊಡೀತಿತ್ತು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ರಗ್ಬಿ ಅನ್ನೋದು ಒಂದು ಆಟ ಅಲ್ಲ, ಎರಡು. ಒಂದು ರಗ್ಬಿ ಯೂನಿಯನ್, ಇನ್ನೊಂದು ರಗ್ಬಿ ಲೀಗ್. ಒಂದೇ ತಾಯಿ ಮಕ್ಕಳು, ಆಸ್ತಿ ಪಾಲಾಗಿ ನೂರಾ ಮೂವತ್ತು ವರ್ಷ ಆಯ್ತು. 2025ರ ಜೂನ್‌ನಲ್ಲಿ ಮುಂಬೈನಲ್ಲಿ 'ರಗ್ಬಿ ಪ್ರೀಮಿಯರ್ ಲೀಗ್' ನಡೀತಲ್ಲ, ಬೆಂಗಳೂರು ಬ್ರೇವ್‌ಹಾರ್ಟ್ಸ್ ಅಂತ ನಮ್ಮೂರ ಹೆಸರಲ್ಲೂ ಒಂದು ತಂಡ ಇತ್ತು. ಹೆಸರಲ್ಲಿ ಲೀಗ್ ಇದ್ದ ಮಾತ್ರಕ್ಕೆ ಅದು ಲೀಗ್ ಅಲ್ಲ. ಅದು ಯೂನಿಯನ್ ಮನೆಯ ಆಟ, ಅದರಲ್ಲೂ ಏಳು ಜನರ ಚುಟುಕು ರೂಪ. ನಾನಿಲ್ಲಿ ಬರೀತಿರೋದು ಇನ್ನೊಂದು ಮನೆಯ ಬಗ್ಗೆ: ಹದಿಮೂರು ಜನ ಆಡೋ ರಗ್ಬಿ ಲೀಗ್.

ಈ ಸರಣಿಯಲ್ಲಿ ಹೇಳಬೇಕಿರೋದು ಎರಡೇ ಮಾತು. ಒಂದು, ಹೊಸಬರಿಗೆ ಇಷ್ಟು ಬೇಗ ಅರ್ಥವಾಗಿ, ಇಷ್ಟು ಬೇಗ ಹಿಡಿಸೋ ತಂಡದ ಆಟ ಇನ್ನೊಂದು ಸಿಗೋದು ಕಷ್ಟ. ಎರಡು, ಇದನ್ನ ಅಮೆರಿಕಕ್ಕೆ ಮಾರೋಕೆ ಹೊರಟವರು ಅಂಗಡಿ ಮುಂದೆ ತಪ್ಪು ಸರಕನ್ನ ನೇತುಹಾಕಿದ್ದಾರೆ. ಮೊದಲನೆಯದನ್ನ ಒಪ್ಪಿಸೋದು ಸುಲಭ. ಎರಡನೆಯದಕ್ಕೆ ಸ್ವಲ್ಪ ಲೆಕ್ಕ ಹಾಕಬೇಕು. ಬಿಕಾಂ ಓದ್ತಿರೋದು ಇನ್ಯಾತಕ್ಕೆ?

ಭಾಗ 2/10

ನಿಯಮಗಳು. ಬೋರ್ ಆಗುತ್ತೆ ಅಂತ ಸ್ವೈಪ್ ಮಾಡ್ಬೇಡಿ, ಎರಡು ನಿಮಿಷ ಸಾಕು. ಮೇಲಿನ ಫೋಟೋದಲ್ಲಿರೋದು ನನ್ನ ಕಾಸ್ಟ್ ಅಕೌಂಟಿಂಗ್ ನೋಟ್‌ಬುಕ್ಕಿನ ಕೊನೇ ಪುಟ. ಗೆರೆ ಸೊಟ್ಟಗಿದ್ದರೆ ಕ್ಷಮಿಸಿ.

ಮೈದಾನ 100 ಮೀಟರ್ ಉದ್ದ. ಒಂದು ತಂಡದಲ್ಲಿ ಹದಿಮೂರು ಜನ. ನಲವತ್ತು ನಿಮಿಷದ ಎರಡು ಅರ್ಧ. ಚೆಂಡನ್ನ ಎದುರಾಳಿಯ ಗೆರೆ ದಾಟಿಸಿ ನೆಲಕ್ಕೆ ಒತ್ತಿದರೆ ಅದು 'ಟ್ರೈ', ನಾಲ್ಕು ಅಂಕ. ಆಮೇಲೆ ಚೆಂಡನ್ನ ಒದ್ದು, ಎರಡು ಕಂಬದ ನಡುವೆ ಅಡ್ಡಪಟ್ಟಿಯ ಮೇಲಿಂದ ದಾಟಿಸಿದರೆ ಇನ್ನೆರಡು.

ಚೆಂಡು ಹಿಡಿದು ಮುಂದಕ್ಕೆ ಓಡಬಹುದು, ಮುಂದಕ್ಕೆ ಒದೀಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯೋ ಹಾಗಿಲ್ಲ. ಪಾಸ್ ಏನಿದ್ದರೂ ಪಕ್ಕಕ್ಕೆ ಇಲ್ಲ ಹಿಂದಕ್ಕೆ. ಅಂದ್ರೆ ಮುಂದೆ ಹೋಗ್ಬೇಕು ಅಂದ್ರೆ ಹಿಂದೆ ಇರೋರನ್ನ ನಂಬಲೇಬೇಕು.

ಈಗ ಮುಖ್ಯ ವಿಷಯ. ಓಡೋನನ್ನ ಎದುರಾಳಿಗಳು ಹಿಡಿದು ಕೆಡವ್ತಾರೆ. ಅದು ಒಂದು ಟ್ಯಾಕಲ್. ಬಿದ್ದವನು ಎದ್ದು ನಿಂತು, ಚೆಂಡನ್ನ ಕಾಲಿಂದ ಹಿಂದಕ್ಕೆ ಉರುಳಿಸ್ತಾನೆ, ಹಿಂದಿದ್ದವನು ಎತ್ತಿಕೊಳ್ತಾನೆ, ಮತ್ತೆ ಓಟ. ಅಷ್ಟರಲ್ಲಿ ಎದುರಾಳಿಗಳು ಹತ್ತು ಮೀಟರ್ ಹಿಂದೆ ಸರಿದಿರಬೇಕು. ಹೀಗೆ ಒಂದು ತಂಡಕ್ಕೆ ಸಿಗೋದು ಆರು ಟ್ಯಾಕಲ್. ಆರನೇ ಸಲ ಬಿದ್ದರೆ ಚೆಂಡು ಎದುರಾಳಿಗೆ. ಅದಕ್ಕೇ ಐದು ಸಲ ಬಿದ್ದ ಮೇಲೆ ಸಾಮಾನ್ಯವಾಗಿ ಚೆಂಡನ್ನ ದೂರ ಒದ್ದು ಬಿಡ್ತಾರೆ, ಇಲ್ಲಾ ಏನಾದ್ರೂ ಹುಚ್ಚು ಸಾಹಸ ಮಾಡ್ತಾರೆ.

ಮುಗೀತು. ಪೆನಾಲ್ಟಿ, ಸ್ಕ್ರಮ್, ಡ್ರಾಪ್ ಗೋಲ್ ಅಂತ ಇನ್ನೂ ಇವೆ, ಅವು ನೋಡ್ತಾ ನೋಡ್ತಾ ಬರ್ತವೆ. ಪಂದ್ಯ ನೋಡೋಕೆ ಇಷ್ಟು ಗೊತ್ತಿದ್ದರೆ ಧಾರಾಳ ಆಯ್ತು.

ಭಾಗ 3/10

ಈಗ ಯಾಕೆ ಹಿಡಿಸುತ್ತೆ ಅಂತ ಹೇಳ್ತೀನಿ.

ಹೊಸ ಆಟ ನೋಡೋವಾಗ ನಮಗೆ ಕಾಡೋದು ಒಂದೇ ಭಯ: 'ಈಗ ಏನಾಯ್ತು?' ಅಂತ ಪಕ್ಕದವರನ್ನ ಕೇಳ್ಬೇಕಾಗೋದು. ಕ್ರಿಕೆಟ್ ಗೊತ್ತಿಲ್ಲದವರಿಗೆ ಎಲ್‌ಬಿಡಬ್ಲ್ಯೂ ವಿವರಿಸಿ ನೋಡಿ, ನಿಮಗೇ ತಲೆ ಕೆಡುತ್ತೆ. ರಗ್ಬಿ ಯೂನಿಯನ್‌ನಲ್ಲಿ ಟ್ಯಾಕಲ್ ಆದ ಮೇಲೆ ಜನ ರಾಶಿ ಬೀಳ್ತಾರೆ, ರೆಫ್ರಿ ಶಿಳ್ಳೆ ಊದ್ತಾರೆ, ಯಾಕೆ ಊದಿದರು ಅಂತ ವರ್ಷಗಟ್ಟಲೆ ನೋಡಿದವರಿಗೂ ಒಂದೊಂದು ಸಲ ಗೊತ್ತಾಗಲ್ಲ. ಲೀಗ್‌ನಲ್ಲಿ ನಿಮಗೆ ಬೇಕಿರೋದು ಆರರವರೆಗೆ ಎಣಿಸೋಕೆ ಬರೋದು. ಒಂದು, ಎರಡು, ಮೂರು ಅಂತ ಎಣಿಸ್ತಾ ಹೋದ ಹಾಗೆ ನಿಮ್ಮ ಎದೆಬಡಿತವೇ ಸ್ಕೋರ್‌ಬೋರ್ಡ್ ಆಗಿಬಿಡುತ್ತೆ. ನಾಲ್ಕಕ್ಕೆ ಬಂದಾಗ ನೀವು ಮುಂದಕ್ಕೆ ಬಾಗಿರ್ತೀರ. ಐದಕ್ಕೆ ಎದ್ದು ನಿಂತಿರ್ತೀರ.

ಕಬಡ್ಡಿ ನೋಡಿದವರಿಗೆ ಈ ರುಚಿ ಗೊತ್ತು. ಎರಡು ರೈಡ್ ಖಾಲಿ ಹೋದ ಮೇಲೆ ಮೂರನೇದು ಮಾಡು ಇಲ್ಲವೇ ಮಡಿ. ಆ ಎಣಿಕೆ ಬಂದ ಮೇಲೆ ಕಬಡ್ಡಿ ಟಿವಿಯಲ್ಲಿ ಹೇಗೆ ಬಿಗಿಯಾಯ್ತು ನೆನಪಿಸಿಕೊಳ್ಳಿ. ಲೀಗ್‌ನಲ್ಲೂ ಎಣಿಕೆ ಮೊದಲಿಂದ ಇರಲಿಲ್ಲ. ಒಂದು ತಂಡ ಎಷ್ಟು ಹೊತ್ತು ಬೇಕಾದ್ರೂ ಚೆಂಡು ಇಟ್ಟುಕೊಂಡು ಕೂರಬಹುದಿತ್ತು. ಸಿಡ್ನಿಯ ಸೇಂಟ್ ಜಾರ್ಜ್ ತಂಡ 1956ರಿಂದ 1966ರವರೆಗೆ ಸತತ ಹನ್ನೊಂದು ಸಲ ಚಾಂಪಿಯನ್ ಆಗಿತ್ತು. 1966–67ರ ಹೊತ್ತಿಗೆ ನಾಲ್ಕು ಟ್ಯಾಕಲ್‌ಗಳ ಮಿತಿ ಬಂತು, 70ರ ದಶಕದ ಶುರುವಲ್ಲಿ ಅದು ಆರಾಯ್ತು. ಅಲ್ಲಿಂದ ಆಟಕ್ಕೆ ತಾಳ ಸಿಕ್ಕಿತು.

ಇನ್ನೊಂದು ಕಾರಣ ಇದೆ. ಇಲ್ಲಿ ಯಾರಿಗೂ ಅಡಗಿಕೊಳ್ಳೋಕೆ ಜಾಗ ಇಲ್ಲ. ಹದಿಮೂರೂ ಜನ ಓಡ್ಬೇಕು, ಹದಿಮೂರೂ ಜನ ಕೆಡವ್ಬೇಕು. ಬ್ಯಾಟಿಂಗ್ ಮಾತ್ರ ಮಾಡ್ತೀನಿ, ಫೀಲ್ಡಿಂಗ್ ಆಮೇಲೆ ನೋಡೋಣ ಅನ್ನೋ ಹಾಗಿಲ್ಲ. ಈಗ ತಾನೇ ಎದುರಾಳಿಯನ್ನ ಕೆಡವಿ ಮಣ್ಣು ತಿಂದವನು ಮೂವತ್ತು ಸೆಕೆಂಡ್ ಬಿಟ್ಟು ಚೆಂಡು ಹಿಡಿದು ಅದೇ ಗೋಡೆಗೆ ಮತ್ತೆ ನುಗ್ತಾನೆ. ಸುಸ್ತಾಗಿರೋದು ಮುಖದ ಮೇಲೆ ಕಾಣುತ್ತೆ. ಹೆಲ್ಮೆಟ್ ಇಲ್ಲವಲ್ಲ, ಮುಖ ಪೂರ್ತಿ ಕಾಣುತ್ತೆ. ಹೊಸಬರಿಗೆ ಆಟಗಾರನ ಹೆಸರು ಗೊತ್ತಾಗೋದಕ್ಕೆ ಮೊದಲೇ ಅವನ ಕಷ್ಟ ಗೊತ್ತಾಗಿರುತ್ತೆ.

ಭಾಗ 4/10

ಈ ಆಟ ಹುಟ್ಟಿದ್ದೇ ಸಂಬಳದ ಜಗಳದಿಂದ. ಕಾಮರ್ಸ್‌ನವರು ಇಲ್ಲಿ ಸ್ವಲ್ಪ ಕಿವಿ ನಿಮಿರಿಸಿ.

ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್, ಲ್ಯಾಂಕಾಶೈರ್ ಕಡೆ ರಗ್ಬಿ ಆಡ್ತಿದ್ದವರು ಬಹುಪಾಲು ಗಣಿ ಕಾರ್ಮಿಕರು, ಗಿರಣಿ ಕೆಲಸಗಾರರು. ಪಂದ್ಯಕ್ಕೆ ಹೋದರೆ ಆವತ್ತಿನ ಕೂಲಿ ಹೋಗ್ತಿತ್ತು. 'ಆಟಕ್ಕೆ ಸಂಬಳ ಬೇಡ, ಕಳೆದುಕೊಂಡ ಕೂಲಿಯನ್ನಾದ್ರೂ ಕಟ್ಟಿಕೊಡಿ' ಅನ್ನೋದು ಅವರ ಕಡೆಯವರ ಬೇಡಿಕೆ. ಲಂಡನ್ ಕಡೆಯ ದೊಡ್ಡ ಮನುಷ್ಯರು ಒಪ್ಪಲಿಲ್ಲ. ಅವರಿಗೆ ಆಟ ಅಂದ್ರೆ ಹವ್ಯಾಸ. ಹವ್ಯಾಸಕ್ಕೆ ದುಡ್ಡು ಯಾಕೆ? ಹೊಟ್ಟೆ ತುಂಬಿದವರ ಪ್ರಶ್ನೆ ಅದು.

1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಉತ್ತರದ ಕ್ಲಬ್‌ಗಳು ಸೇರಿ ಬೇರೆ ಮನೆ ಮಾಡಿಕೊಂಡವು. ಕಳೆದುಕೊಂಡ ಕೂಲಿಗೆ ದಿನಕ್ಕೆ ಆರು ಶಿಲಿಂಗ್ ಅಂತ ಮಿತಿ ಹಾಕಿದರು. ಆರು ಶಿಲಿಂಗ್! ಇವತ್ತಿನ ಐಪಿಎಲ್ ಹರಾಜು ನೋಡಿದವರಿಗೆ ಇದು ತಮಾಷೆ ಅನಿಸಬಹುದು. ಆದರೆ ಅಷ್ಟಕ್ಕೋಸ್ಕರ ಒಂದು ಆಟ ಎರಡಾಯ್ತು. ಯೂನಿಯನ್‌ನವರು ಆಟಗಾರರಿಗೆ ದುಡ್ಡು ಕೊಡಬಹುದು ಅಂತ ಬಾಯಿಬಿಟ್ಟು ಒಪ್ಪಿದ್ದು 1995ರಲ್ಲಿ, ಸರಿಯಾಗಿ ನೂರು ವರ್ಷ ಆದ ಮೇಲೆ.

ಸಿಡ್ನಿಯಲ್ಲೂ ಇದೇ ಕತೆ. 1907ರಲ್ಲಿ ಅಲೆಕ್ ಬರ್ಡನ್ ಅನ್ನೋ ಆಟಗಾರನಿಗೆ ಆಡುವಾಗ ಗಾಯ ಆಯ್ತು. ವೃತ್ತಿಯಲ್ಲಿ ಅವನು ಕ್ಷೌರಿಕ. ಕೈಯೇ ಅವನ ಬಂಡವಾಳ. ಕೆಲಸಕ್ಕೆ ಹೋಗೋಕಾಗ್ಲಿಲ್ಲ, ಪರಿಹಾರ ಸಿಗಲಿಲ್ಲ. ಆ ಸಿಟ್ಟು ಸೇರಿಕೊಂಡೇ ಅದೇ ವರ್ಷ ಅಲ್ಲಿ ಲೀಗ್ ಶುರುವಾಯ್ತು.

ಇದನ್ನ ಯಾಕೆ ಹೇಳಿದೆ ಅಂದ್ರೆ, ಈ ಆಟಕ್ಕೆ ದುಡ್ಡು ಕೊಳಕು ಅನ್ನೋ ಮಡಿವಂತಿಕೆ ಯಾವತ್ತೂ ಇರಲಿಲ್ಲ. ನನಗೂ ಇಲ್ಲ. ಯಾರ ದುಡ್ಡು, ಯಾರ ಜೇಬಿಂದ, ಯಾರ ಜೇಬಿಗೆ ಅನ್ನೋದಷ್ಟೇ ಪ್ರಶ್ನೆ. ಆರನೇ ಭಾಗದಲ್ಲಿ ಅಲ್ಲಿಗೇ ಬರ್ತೀನಿ.

ಭಾಗ 5/10

ಅಮೆರಿಕದವರಿಗೆ ಈ ಆಟ ಹೊಸತಾ? ಒಂದರ್ಥದಲ್ಲಿ ಇಲ್ಲ.

ಅಮೆರಿಕನ್ ಫುಟ್‌ಬಾಲ್ ಕೂಡ ರಗ್ಬಿಯಿಂದಲೇ ಬಂದಿದ್ದು. 1880ರ ದಶಕದ ಶುರುವಲ್ಲಿ ವಾಲ್ಟರ್ ಕ್ಯಾಂಪ್ ಅನ್ನೋ ಯೇಲ್ ಕಾಲೇಜಿನವನು ಆ ನೂಕುನುಗ್ಗಲು ತೆಗೆದು, ಒಂದು ತಂಡಕ್ಕೆ ಇಂತಿಷ್ಟು ಅವಕಾಶ, ಅಷ್ಟರೊಳಗೆ ಇಂತಿಷ್ಟು ದೂರ ಅಂತ ನಿಯಮ ತಂದ. ಇವತ್ತು ನಾಲ್ಕು ಅವಕಾಶದಲ್ಲಿ ಹತ್ತು ಗಜ ಹೋಗಬೇಕು ಅನ್ನೋದು ಅದರ ಬೆಳೆದ ರೂಪ. ಲೀಗ್‌ನವರೂ ಅಟ್ಲಾಂಟಿಕ್‌ನ ಈ ಕಡೆ ಕೂತು ಅದೇ ತಲೆನೋವಿಗೆ ಮದ್ದು ಹುಡುಕ್ತಿದ್ದರು: ಈ ರಾಶಿ ಬೀಳೋದನ್ನ ಹೇಗೆ ತಪ್ಪಿಸೋದು?

1906ನೇ ಇಸವಿ ನೋಡಿ. ಆ ವರ್ಷ ಅಮೆರಿಕದಲ್ಲಿ ಚೆಂಡನ್ನ ಮುಂದಕ್ಕೆ ಎಸೆಯೋಕೆ ಅನುಮತಿ ಸಿಕ್ತು. ಅದೇ ವರ್ಷ ಇಂಗ್ಲೆಂಡಿನ ಲೀಗ್‌ನವರು ಹದಿನೈದು ಜನರನ್ನ ಹದಿಮೂರಕ್ಕೆ ಇಳಿಸಿ, ಬಿದ್ದವನು ಎದ್ದು ಚೆಂಡನ್ನ ಆಟಕ್ಕೆ ತರೋ ಪದ್ಧತಿ ತಂದರು. ಎರಡು ಆಟಗಳೂ ಒಂದೇ ವರ್ಷ ಕವಲೊಡೆದು ತಮ್ಮ ತಮ್ಮ ದಾರಿ ಹಿಡಿದವು. ಹಾಗಾಗಿ ಅಮೆರಿಕದವರು ಲೀಗ್ ನೋಡಿದಾಗ ದೂರದ ಸೋದರತ್ತೆ ಮಗನನ್ನ ಮದುವೆ ಮನೇಲಿ ನೋಡಿದ ಹಾಗಾಗುತ್ತೆ. ಮುಖ ಎಲ್ಲೋ ನೋಡಿದ ಹಾಗಿದೆ, ಹೆಸರು ಗೊತ್ತಿಲ್ಲ.

ಆಟಗಾರರ ದೇಹವೂ ದಾಟಿ ಹೋಗುತ್ತೆ ಅನ್ನೋದಕ್ಕೆ ಜೋರ್ಡನ್ ಮೈಲಾಟಾ ಸಾಕ್ಷಿ. ಸಿಡ್ನಿಯಲ್ಲಿ ಸಮೋವಾ ಮೂಲದ ಮನೆಯಲ್ಲಿ ಬೆಳೆದ ಹುಡುಗ, ಆರಡಿ ಎಂಟಿಂಚು, ಸೌತ್ ಸಿಡ್ನಿ ರ‍್ಯಾಬಿಟೋಸ್‌ನ ಕಿರಿಯರ ತಂಡದಲ್ಲಿ ಲೀಗ್ ಆಡ್ತಿದ್ದ. ಅಮೆರಿಕನ್ ಫುಟ್‌ಬಾಲ್ ಪಂದ್ಯ ಒಂದನ್ನೂ ಆಡದವನನ್ನ ಫಿಲಡೆಲ್ಫಿಯಾ ಈಗಲ್ಸ್ 2018ರಲ್ಲಿ ಆರಿಸಿಕೊಂಡಿತು. 2025ರ ಫೆಬ್ರವರಿಯಲ್ಲಿ ಅವನು ಸೂಪರ್ ಬೌಲ್ ಗೆದ್ದ ತಂಡದಲ್ಲಿದ್ದ.

ವ್ಯತ್ಯಾಸ ಎಲ್ಲಿದೆ ಅಂದ್ರೆ ಗಡಿಯಾರದಲ್ಲಿ. ಅಮೆರಿಕದ ಆಟದಲ್ಲಿ ಪ್ರತಿ ಸಲ ಬಿದ್ದಾಗಲೂ ನಿಲ್ಲುತ್ತೆ, ಗುಂಪು ಸೇರುತ್ತೆ, ಚರ್ಚೆ ಆಗುತ್ತೆ, ನಡುವೆ ಜಾಹೀರಾತು. 2010ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಲೆಕ್ಕ ಹಾಕಿದಾಗ, ಮೂರು ಗಂಟೆ ನಡೆಯೋ ಒಂದು ಪಂದ್ಯದಲ್ಲಿ ನಿಜವಾಗಿ ಚೆಂಡು ಆಟದಲ್ಲಿ ಇದ್ದದ್ದು ಸುಮಾರು 11 ನಿಮಿಷ. ಲೀಗ್‌ನಲ್ಲಿ ಬಿದ್ದವನು ಏಳೋಷ್ಟು ಹೊತ್ತು ಅಷ್ಟೇ ವಿರಾಮ. ಎರಡು ಗಂಟೆಯೊಳಗೆ ಎಲ್ಲ ಮುಗಿಸಿ ಮನೆಗೆ. ಅಮೆರಿಕದ ನೋಡುಗರ ಮುಂದಿಡೋಕೆ ಇದಕ್ಕಿಂತ ಒಳ್ಳೇ ಮಾತು ಇನ್ನೇನು ಬೇಕು?

ಭಾಗ 6/10

ಆದರೂ ಇನ್ನೂ ಯಾಕೆ ಹಿಡಿದಿಲ್ಲ? ಪ್ರಯತ್ನ ಮಾಡಿಲ್ಲ ಅಂತಲ್ಲ.

1953ರಲ್ಲಿ ಮೈಕ್ ಡಿಮಿಟ್ರೋ ಅನ್ನೋವರು ಅಮೆರಿಕದ ಕಾಲೇಜು ಫುಟ್‌ಬಾಲ್ ಹುಡುಗರನ್ನ ಕಟ್ಟಿಕೊಂಡು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸ ಹೋದರು. ಆ ಹುಡುಗರಿಗೆ ಲೀಗ್ ಗೊತ್ತೇ ಇರಲಿಲ್ಲ. ನೋಡೋಕೆ ಜನ ಸೇರಿದರು. ವಾಪಸ್ ಬಂದ ಮೇಲೆ ಅಮೆರಿಕದಲ್ಲಿ ಆಡೋಕೆ ಒಂದು ಲೀಗೇ ಇರಲಿಲ್ಲ, ಕತೆ ಅಲ್ಲಿಗೇ ನಿಂತಿತು. 1987ರಲ್ಲಿ ಆಸ್ಟ್ರೇಲಿಯಾದ ಅತಿ ದೊಡ್ಡ ಪೈಪೋಟಿ ಸ್ಟೇಟ್ ಆಫ್ ಆರಿಜಿನ್ ಅನ್ನೇ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ಗೆ ತಂದರು. ಒಂದು ಸಂಜೆ, ಒಂದು ಪಂದ್ಯ, ಬೈ ಬೈ. 2013ರ ವಿಶ್ವಕಪ್‌ನಲ್ಲಿ ಅಮೆರಿಕ ತಂಡ ಕುಕ್ ದ್ವೀಪಗಳು ಮತ್ತು ವೇಲ್ಸ್ ತಂಡಗಳನ್ನ ಸೋಲಿಸಿ ಕ್ವಾರ್ಟರ್ ಫೈನಲ್‌ಗೆ ಹೋಯ್ತು. ಆ ಹೊತ್ತಿಗೆ ದೇಶದೊಳಗೆ ಲೀಗ್ ನಡೆಸೋ ಎರಡು ಸಂಘಗಳ ನಡುವೆ ಜಗಳ. 2025ರ ವಿಶ್ವಕಪ್ ಅಮೆರಿಕ ಮತ್ತು ಕೆನಡಾದಲ್ಲಿ ಅಂತ ಘೋಷಣೆ ಆಗಿತ್ತು, ಅದೂ ಕೈತಪ್ಪಿತು.

ಎಲ್ಲಕ್ಕಿಂತ ದೊಡ್ಡ ಪಾಠ ಇರೋದು ಕೆನಡಾದ ಟೊರಾಂಟೊದಲ್ಲಿ. 2017ರಲ್ಲಿ ಟೊರಾಂಟೊ ವುಲ್ಫ್‌ಪ್ಯಾಕ್ ಅನ್ನೋ ತಂಡ ಇಂಗ್ಲೆಂಡಿನ ಮೂರನೇ ದರ್ಜೆಯ ಲೀಗ್‌ಗೆ ಸೇರಿತು. ಹೌದು, ಸಾಗರ ದಾಟಿ ಹೋಗಿ ಆಡೋದು. ಮೊದಲ ವರ್ಷವೇ ಗೆದ್ದು ಮೇಲೇರಿತು. 2019ರಲ್ಲಿ ಸೂಪರ್ ಲೀಗ್‌ಗೆ ಬಡ್ತಿ ಪಡೆದ ಫೈನಲ್ ನೋಡೋಕೆ ಊರಿನ ಲ್ಯಾಂಪೋರ್ಟ್ ಸ್ಟೇಡಿಯಮ್ಮಿಗೆ ಸುಮಾರು ಹತ್ತು ಸಾವಿರ ಜನ ಬಂದಿದ್ದರು. ಈ ಆಟದ ಹೆಸರೇ ಕೇಳದ ಊರಲ್ಲಿ ಮೂರು ವರ್ಷದೊಳಗೆ ಹತ್ತು ಸಾವಿರ ಜನ!

ಈಗ ಲೆಡ್ಜರ್ ತೆಗೀರಿ. ಕೆಳಗಿನ ದರ್ಜೆಗಳಲ್ಲಿದ್ದಾಗ ಎದುರಾಳಿ ತಂಡಗಳ ವಿಮಾನದ ಖರ್ಚೂ ಇವರದೇ. ಸೂಪರ್ ಲೀಗ್‌ಗೆ ಬಂದ ಮೇಲೂ ಪ್ರಸಾರ ಹಕ್ಕಿನ ಹಣದಲ್ಲಿ ಪಾಲು ಇಲ್ಲ. ಮಾಲೀಕರ ಜೇಬೇ ಎಲ್ಲಕ್ಕೂ ಆಧಾರ. 2020ರಲ್ಲಿ ಕೋವಿಡ್ ಬಂತು, ಗೇಟ್ ಕಲೆಕ್ಷನ್ ನಿಂತಿತು, ಆಟಗಾರರಿಗೆ ತಿಂಗಳುಗಟ್ಟಲೆ ಸಂಬಳ ಇಲ್ಲ. ಜುಲೈನಲ್ಲಿ ತಂಡ ಆ ಋತುವಿನಿಂದಲೇ ಹಿಂದೆ ಸರೀತು. ಮತ್ತೆ ಸೇರಿಸಿಕೊಳ್ಳಿ ಅಂದಾಗ ಸೂಪರ್ ಲೀಗ್‌ನವರು ಬೇಡ ಅಂದರು.

ಆರು ಶಿಲಿಂಗ್ ಕೂಲಿಗೋಸ್ಕರ ಹುಟ್ಟಿದ ಆಟದಲ್ಲಿ ಆಟಗಾರರಿಗೆ ಸಂಬಳ ಇಲ್ಲದ ಹಾಗಾಯ್ತು. ಅಲ್ಲಿ ಸೋತಿದ್ದು ಆಟ ಅಲ್ಲ, ಜನವೂ ಅಲ್ಲ. ಸೋತಿದ್ದು ಖರ್ಚು ಹಂಚಿಕೊಂಡ ರೀತಿ.

ಭಾಗ 7/10

ಈಗ ಲಾಸ್ ವೇಗಸ್.

2024ರ ಮಾರ್ಚ್‌ನಿಂದ ಆಸ್ಟ್ರೇಲಿಯಾದ ಎನ್‌ಆರ್‌ಎಲ್ ತನ್ನ ಋತುವಿನ ಮೊದಲ ಪಂದ್ಯಗಳನ್ನ ವೇಗಸ್‌ನ ಅಲೀಜಿಯಂಟ್ ಸ್ಟೇಡಿಯಮ್ಮಿನಲ್ಲಿ ಆಡಿಸೋಕೆ ಶುರು ಮಾಡ್ತು. ಐದು ವರ್ಷದ ಯೋಜನೆ. ಮೊದಲ ವರ್ಷ ಎರಡು ಪಂದ್ಯ, ನಲವತ್ತು ಸಾವಿರ ಜನ. ಮ್ಯಾನ್ಲಿ ತಂಡ ಸೌತ್ ಸಿಡ್ನಿಯನ್ನ 36–24ರಿಂದ ಸೋಲಿಸ್ತು, ರೂಸ್ಟರ್ಸ್ ತಂಡ ಬ್ರಿಸ್ಬೇನ್ ಬ್ರಾಂಕೋಸ್‌ನ 20–10ರಿಂದ. 2025ರಲ್ಲಿ ನಾಲ್ಕು ಪಂದ್ಯ, ನಲವತ್ತೈದು ಸಾವಿರ ಜನ. ಇಂಗ್ಲೆಂಡಿನ ವಿಗನ್, ವಾರಿಂಗ್ಟನ್ ಕೂಡ ಬಂದವು. ಆಸ್ಟ್ರೇಲಿಯಾದ ಮಹಿಳೆಯರು ಇಂಗ್ಲೆಂಡ್ ವಿರುದ್ಧ 90–4ರಿಂದ ಗೆದ್ದರು. ನಮಗೆ ಭಾನುವಾರ ಬೆಳಿಗ್ಗೆ ದೋಸೆ ತಿನ್ನೋ ಹೊತ್ತಿಗೆ ಅಲ್ಲಿ ಶನಿವಾರ ರಾತ್ರಿಯ ದೀಪ.

ಮೇಲ್ನೋಟಕ್ಕೆ ಹಬ್ಬ. ಆದರೆ ಎರಡು ವಿಷಯ ಗಮನಿಸಿ.

ಒಂದು, ಪ್ರಚಾರದಲ್ಲಿ ಮಾರಿದ್ದು ಏನು? ಪ್ಯಾಡ್ ಇಲ್ಲ, ಹೆಲ್ಮೆಟ್ ಇಲ್ಲ, ಡಿಕ್ಕಿ ನೋಡಿ! ರೀಲ್ಸ್ ತುಂಬ ಬರೀ ಗುದ್ದಾಟ. ಇದು ನನಗೆ ಸರಿ ಕಾಣಲ್ಲ. ಅದರೊಳಗಿರೋದು ಮನುಷ್ಯರ ತಲೆ. ತಲೆಗೆ ಪೆಟ್ಟು ಬಿದ್ದವರು ಕನಿಷ್ಠ ಹನ್ನೊಂದು ದಿನ ಆಡುವಂತಿಲ್ಲ ಅಂತ ಎನ್‌ಆರ್‌ಎಲ್ ತಾನೇ 2023ರಿಂದ ನಿಯಮ ಮಾಡಿದೆ. ಒಂದು ಕೈಯಲ್ಲಿ ಆ ನಿಯಮ, ಇನ್ನೊಂದು ಕೈಯಲ್ಲಿ ಡಿಕ್ಕಿಯ ಜಾಹೀರಾತು. ಡಿಕ್ಕಿ ನೋಡೋಕೆ ಬಂದವರು ಇನ್ನೂ ದೊಡ್ಡ ಡಿಕ್ಕಿ ಸಿಕ್ಕ ಕಡೆ ಹೋಗ್ತಾರೆ. ಆರರ ಎಣಿಕೆಗೆ ಬಿದ್ದವರು ಮಾತ್ರ ಮುಂದಿನ ವಾರವೂ ಬರ್ತಾರೆ.

ಎರಡು, ನಿಜವಾದ ಗಿರಾಕಿ ಯಾರು? ಎನ್‌ಆರ್‌ಎಲ್ ನಡೆಸೋ ಆಯೋಗದ ಅಧ್ಯಕ್ಷ ಪೀಟರ್ ವಿಲ್ಯಾಂಡಿಸ್. ಕುದುರೆ ರೇಸ್ ಸಂಸ್ಥೆ ನಡೆಸಿ ಹೆಸರು ಮಾಡಿದವರು. ಅವರು ಮುಚ್ಚುಮರೆ ಮಾಡಿಲ್ಲ: ಅಮೆರಿಕದ ಬೆಟ್ಟಿಂಗ್ ಮಾರುಕಟ್ಟೆಯಲ್ಲಿ ಚೂರು ಪಾಲು ಸಿಕ್ಕರೂ ಸಾಕು ಅನ್ನೋದು ಈ ಯೋಜನೆಯ ಒಂದು ಮುಖ್ಯ ಗುರಿ. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹಳೇ ನಿಷೇಧ ತೆಗೆದ ಮೇಲೆ ಒಂದಾದ ಮೇಲೊಂದು ರಾಜ್ಯ ಕ್ರೀಡಾ ಬೆಟ್ಟಿಂಗ್‌ಗೆ ಬಾಗಿಲು ತೆರೆದಿದೆ. ಆಸ್ಟ್ರೇಲಿಯಾದಲ್ಲಿ ಬೆಟ್ಟಿಂಗ್ ಕಂಪನಿಗಳ ವಹಿವಾಟಿನಿಂದ ಲೀಗ್‌ಗೆ ಈಗಾಗಲೇ ಪಾಲು ಬರುತ್ತೆ. ಅದನ್ನೇ ಅಮೆರಿಕಕ್ಕೂ ಹಿಗ್ಗಿಸೋ ಲೆಕ್ಕ.

ಅಂದ್ರೆ ಅಮೆರಿಕದವರು ಈ ಆಟವನ್ನ ಪ್ರೀತಿಸಲೇಬೇಕು ಅಂತೇನಿಲ್ಲ. ಬೆಟ್ ಕಟ್ಟಿದರೆ ಸಾಕು.

ಭಾಗ 8/10

'ಅದರಲ್ಲೇನು ತಪ್ಪು? ಬಿಸಿನೆಸ್ ಅಲ್ವಾ?' ಅಂತೀರ. ನನ್ನ ಕ್ಲಾಸ್‌ನವರೂ ಹಾಗೇ ಅಂದರು. ಅವರ ವಾದ ಪೂರ್ತಿ ಹೇಳಿಬಿಡ್ತೀನಿ. ಆಸ್ಟ್ರೇಲಿಯಾದ ಜನಸಂಖ್ಯೆ ಮೂರು ಕೋಟಿಯೂ ಇಲ್ಲ. ಅಲ್ಲಿ ಬೆಳೆಯೋಕೆ ಜಾಗ ಇಲ್ಲ. ಹೊರಗಿಂದ ದುಡ್ಡು ಬಂದರೆ ಅದು ಊರೂರಿನ ಮಕ್ಕಳ ತಂಡಗಳಿಗೆ, ಮಹಿಳಾ ಲೀಗ್‌ಗೆ ಹೋಗುತ್ತೆ. ಸರಿ, ಒಪ್ಪಿದೆ. ಖರ್ಚಿನ ಕಡೆ ಇದು ಸರಿಯಾದ ವಾದವೇ.

ನನ್ನ ತಕರಾರು ಆದಾಯದ ಕಡೆ. ಬೆಟ್ಟಿಂಗ್ ಬಂದರೆ ನೋಡೋ ಕಣ್ಣೇ ಬದಲಾಗುತ್ತೆ. ಇದು ನನಗೆ ಯಾವ ಪುಸ್ತಕವೂ ಹೇಳಿಕೊಟ್ಟಿದ್ದಲ್ಲ.

ನಮ್ಮ ಪಿಜಿಯಲ್ಲಿ ನನ್ನ ರೂಮ್‌ಮೇಟ್ ಇದ್ದ. ಕ್ರಿಕೆಟ್ ಅಂದ್ರೆ ಪ್ರಾಣ. ಒಂದು ಆ್ಯಪ್‌ನಲ್ಲಿ ದುಡ್ಡು ಹಾಕಿ ತಂಡ ಕಟ್ಟೋದು ಶುರು ಮಾಡಿದ, ನಲವತ್ತೊಂಬತ್ತು ರೂಪಾಯಿಂದ. ಆರು ತಿಂಗಳಾಗೋ ಹೊತ್ತಿಗೆ ಸೆಮಿಸ್ಟರ್ ಫೀಸ್ ಹೋಗಿತ್ತು. ಅವರಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯೋರು, ಇವನು ಮನೆಗೆ ಬಾಯಿಬಿಡಲಿಲ್ಲ. ದುಡ್ಡಿನ ಕತೆ ನಿಮಗೆ ಗೊತ್ತಿರೋದೇ, ನಿಮ್ಮ ಹಾಸ್ಟೆಲ್ಲಲ್ಲೂ ಒಬ್ಬ ಇರ್ತಾನೆ. ನನಗೆ ಕಾಡಿದ್ದು ಬೇರೆ. ಒಂದು ದಿನ ಅವನು ಚಿಕ್ಕಂದಿನಿಂದ ಪೋಸ್ಟರ್ ಅಂಟಿಸಿಕೊಂಡಿದ್ದ ಬ್ಯಾಟರ್ ಔಟಾದಾಗ ಇವನು 'ಯೆಸ್!' ಅಂತ ಕೂಗಿದ. ಆ ಬೌಲರ್ ಇವನ ಟೀಮಲ್ಲಿದ್ದ. ಕೂಗಿದವನೇ ಒಂದು ಕ್ಷಣ ಸುಮ್ಮನಾದ. ಆಮೇಲೆ ಮತ್ತೆ ಫೋನ್ ನೋಡಿದ. ಟಿವಿ ಕಡೆ ತಲೆ ಎತ್ತಲಿಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾನೂನು ಪಾಸ್ ಮಾಡ್ತು. ಆ ಕಾನೂನು ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ, ಇನ್ನೊಂದು ಸರಣಿ ಮಾಡೋಣ. ನಾನಿಲ್ಲಿ ಹೇಳೋದು ಇಷ್ಟೇ: ಬೆಟ್ ಕಟ್ಟೋರು ಆಟಕ್ಕೆ ಸಿಕ್ಕ ಹೊಸ ಅಭಿಮಾನಿಗಳಲ್ಲ. ಅವರಿಗೆ ತಂಡ ಇಲ್ಲ, ಊರಿಲ್ಲ, ನೆನಪಿಲ್ಲ. ಇವತ್ತು ರಗ್ಬಿ, ನಾಳೆ ಟೇಬಲ್ ಟೆನಿಸ್. ಅಂಥ ಗಿರಾಕಿಯನ್ನ ಆಸ್ತಿ ಅಂತ ಬ್ಯಾಲೆನ್ಸ್ ಶೀಟ್‌ನಲ್ಲಿ ಬರ್ಕೊಂಡರೆ ಅದು ಗುಡ್‌ವಿಲ್ ಅಲ್ಲ, ಗಾಳಿ.

ಭಾಗ 9/10

ಹಾಗಾದ್ರೆ ಸರಿಯಾದ ಬಾಗಿಲು ಯಾವುದು?

ಆಟ ನಿಜವಾಗಿ ಬೇರೂರಿದ ಕಡೆ ಹೋಗಿ ನೋಡೋಣ. ಪಪುವಾ ನ್ಯೂಗಿನಿಯಲ್ಲಿ ರಗ್ಬಿ ಲೀಗ್ ರಾಷ್ಟ್ರೀಯ ಆಟ. ಅಲ್ಲಿಗೆ ಯಾರೂ ದೀಪಾಲಂಕಾರದ ಜಾತ್ರೆ ತಗೊಂಡು ಹೋಗಲಿಲ್ಲ. ಆಸ್ಟ್ರೇಲಿಯಾದಿಂದ ಬಂದ ಗಣಿಯವರು, ಸೈನಿಕರು ಆಡ್ತಿದ್ದರು, ಊರವರು ನೋಡಿದರು, ತಾವೂ ಆಡಿದರು, ಊರಿಗೊಂದು ತಂಡ ಆಯ್ತು. ಈಗ 2028ಕ್ಕೆ ಅಲ್ಲಿಂದ ಒಂದು ತಂಡ ಎನ್‌ಆರ್‌ಎಲ್‌ಗೇ ಬರ್ತಿದೆ. ಆಸ್ಟ್ರೇಲಿಯಾ ಸರ್ಕಾರ ಅದಕ್ಕೆ ಹತ್ತು ವರ್ಷದಲ್ಲಿ 60 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡ್ತಿದೆ. ಅದರ ಹಿಂದೆ ಚೀನಾ ಕುರಿತ ರಾಜಕೀಯ ಇದೆ, ಇಲ್ಲ ಅನ್ನಲ್ಲ. ಆದರೆ ಜನರ ಹುಚ್ಚು ಮೊದಲು ಬಂತು, ದುಡ್ಡು ಆಮೇಲೆ ಬಂತು.

ಟೊಂಗಾ ನೋಡಿ. ಜನಸಂಖ್ಯೆ ಒಂದು ಲಕ್ಷದ ಆಸುಪಾಸು. 2017ರ ವಿಶ್ವಕಪ್‌ಗೆ ಮೊದಲು ಜೇಸನ್ ತೌಮಲೋಲೊ ಅನ್ನೋ ದೊಡ್ಡ ಸ್ಟಾರ್ ನ್ಯೂಜಿಲೆಂಡ್ ತಂಡ ಬಿಟ್ಟು ತನ್ನ ಹಿರಿಯರ ನಾಡು ಟೊಂಗಾಗೆ ಆಡ್ತೀನಿ ಅಂದ. ಆ ವಿಶ್ವಕಪ್‌ನಲ್ಲೇ ಟೊಂಗಾ ನ್ಯೂಜಿಲೆಂಡನ್ನ ಸೋಲಿಸ್ತು. 2019ರಲ್ಲಿ ಆಸ್ಟ್ರೇಲಿಯಾವನ್ನೂ 16–12ರಿಂದ ಕೆಡವಿತು. ಸಮೋವಾ 2022ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡನ್ನ ಅವರದೇ ನೆಲದಲ್ಲಿ 27–26ರಿಂದ ಸೋಲಿಸಿ ಫೈನಲ್‌ಗೆ ಹೋಯ್ತು. ಆ ದಿನಗಳ ವಿಡಿಯೋ ನೋಡಿ: ಸ್ಟೇಡಿಯಂ ತುಂಬ ಕೆಂಪು ಬಾವುಟ, ಅಜ್ಜಿಯರು, ಮಕ್ಕಳು, ಹಾಡು. ಅಲ್ಲಿ ಕೂತವರು ಯಾರೂ ಆಡ್ಸ್ ನೋಡ್ತಾ ಕೂತಿರಲಿಲ್ಲ.

ಈಗ ಅಮೆರಿಕದ ನಕಾಶೆ ತೆಗೀರಿ. ಯೂಟಾ, ಕ್ಯಾಲಿಫೋರ್ನಿಯಾ, ಹವಾಯಿ. ಟೊಂಗಾ, ಸಮೋವಾ ಮೂಲದ ದೊಡ್ಡ ಸಮುದಾಯಗಳು ಅಲ್ಲಿವೆ. ಆಕ್ಲೆಂಡ್, ಸಿಡ್ನಿಯಲ್ಲಿ ಅವರ ಬಂಧುಗಳು ಈ ಆಟದ ತಾರೆಗಳು. ಮೈಲಾಟಾ ಅಂಥವರ ಹೆಸರು ಅಲ್ಲಿ ಯಾರಿಗೂ ಹೊಸತಲ್ಲ. ಆಟಕ್ಕೆ ಅಮೆರಿಕದಲ್ಲಿ ಮನೆ ಅಂತ ಇದ್ದರೆ ಅದು ಸಾಲ್ಟ್ ಲೇಕ್ ಸಿಟಿಯ ಹೊರವಲಯದ ಯಾವುದೋ ಶಾಲೆ ಮೈದಾನ, ಕ್ಯಾಸಿನೋ ರಸ್ತೆ ಅಲ್ಲ. ಫ್ಲಾರಿಡಾದಲ್ಲಿ ಜ್ಯಾಕ್ಸನ್‌ವಿಲ್ ಆ್ಯಕ್ಸ್‌ಮೆನ್ ಅನ್ನೋ ಕ್ಲಬ್ 2006ರಿಂದ ಆಡಿಕೊಂಡೇ ಬಂದಿದೆ, ಯಾವ ಜಾತ್ರೆಯೂ ಇಲ್ಲದೆ. ಅಂಥ ಕ್ಲಬ್‌ಗಳಿಗೆ ಕೋಚ್, ಮಕ್ಕಳಿಗೆ ಚೆಂಡು, ವಾರಕ್ಕೊಂದು ಪಂದ್ಯ. ಜಾತ್ರೆಯ ಖರ್ಚಿನ ಒಂದು ಪಾಲು ಇದಕ್ಕೆ ಹೋಗಲಿ ಅನ್ನೋದು ನನ್ನ ಬೇಡಿಕೆ.

ನೆನಪಿಡಿ, ಕಾಯೋಕೆ ಸಮಯವೂ ಇಲ್ಲ. 2031ರ ಪುರುಷರ ರಗ್ಬಿ ಯೂನಿಯನ್ ವಿಶ್ವಕಪ್ ನಡೆಯೋದು ಅಮೆರಿಕದಲ್ಲೇ. ಪಾಲಾದ ಅಣ್ಣ ಪಕ್ಕದಲ್ಲೇ ದೊಡ್ಡ ಅಂಗಡಿ ತೆರೀತಿದ್ದಾನೆ.

ಭಾಗ 10/10

ಕೊನೇ ಮಾತು, ನಿಮಗೆ.

ನೀವು ಅಮೆರಿಕದವರಲ್ಲ, ಆದರೆ ಈ ಆಟಕ್ಕೆ ನೀವೂ ಅವರಷ್ಟೇ ಹೊಸಬರು. ಯಾವ ಬಾಗಿಲಿಂದ ಒಳಗೆ ಬರ್ತೀರ ಅನ್ನೋದು ನಿಮ್ಮ ಕೈಲಿದೆ. ನನ್ನ ಸಲಹೆ: ಸ್ಟೇಟ್ ಆಫ್ ಆರಿಜಿನ್‌ನಿಂದ ಶುರು ಮಾಡಿ. ಕ್ವೀನ್ಸ್‌ಲ್ಯಾಂಡ್ ವಿರುದ್ಧ ನ್ಯೂ ಸೌತ್ ವೇಲ್ಸ್, ವರ್ಷಕ್ಕೆ ಮೂರು ಪಂದ್ಯ. ಸಂಜೆ ಅಲ್ಲಿ ಶುರುವಾದಾಗ ನಮಗೆ ಮಧ್ಯಾಹ್ನ ಮೂರೂವರೆ. ಕಾಲೇಜು ಬಿಟ್ಟು ಬಸ್ಸಲ್ಲಿ ಕೂತಿರೋ ಹೊತ್ತು.

ಇದರ ನಿಯಮವೇ ಚೆಂದ. 1980ಕ್ಕೆ ಮೊದಲು ಯಾವ ರಾಜ್ಯದ ಕ್ಲಬ್‌ಗೆ ಆಡ್ತಿದ್ದಾನೋ ಆ ರಾಜ್ಯಕ್ಕೇ ಆಡಬೇಕಿತ್ತು. ಸಿಡ್ನಿಯಲ್ಲಿ ದುಡ್ಡು ಜಾಸ್ತಿ, ಹಾಗಾಗಿ ಕ್ವೀನ್ಸ್‌ಲ್ಯಾಂಡ್ ಹುಡುಗರು ಅಲ್ಲಿಗೆ ಹೋಗಿ ತಮ್ಮ ಊರಿನ ವಿರುದ್ಧವೇ ಆಡ್ತಿದ್ದರು. ಕೆಲಸಕ್ಕೆ ಬೆಂಗಳೂರಿಗೆ ಹೋದವರು ಊರ ಹಬ್ಬದಲ್ಲಿ ಎದುರು ಪಾರ್ಟಿ ಆದ ಹಾಗೆ. 1980ರಲ್ಲಿ ಹೊಸ ನಿಯಮ ಬಂತು: ಎಲ್ಲಿ ಸಂಬಳ ತಗೋತೀಯೋ ಅಲ್ಲಿಗಲ್ಲ, ಎಲ್ಲಿ ಆಟ ಕಲಿತೆಯೋ ಅಲ್ಲಿಗೆ ಆಡು. ಮೊದಲ ಪಂದ್ಯಕ್ಕೆ ಕ್ವೀನ್ಸ್‌ಲ್ಯಾಂಡ್ ನಾಯಕ ಆರ್ಥರ್ ಬೀಟ್ಸನ್, ವಯಸ್ಸು 35. ಸಿಡ್ನಿಯಲ್ಲಿ ಹೆಸರು ಮಾಡಿ, ಊರಿಗೆ ಬಂದು, ಕೆಂಗಂದು ಬಣ್ಣದ ಜೆರ್ಸಿ ಹಾಕಿದ. 20–10ರಿಂದ ಗೆದ್ದರು. ಅಲ್ಲಿಂದ ಇವತ್ತಿನವರೆಗೆ ಆ ಮೂರು ರಾತ್ರಿ ಎರಡು ರಾಜ್ಯ ನಿದ್ದೆ ಮಾಡಲ್ಲ.

ಕೂಲಿಗೋಸ್ಕರ ಹುಟ್ಟಿದ ಆಟ, ಊರಿಗೋಸ್ಕರ ಬೆಳೀತು. ಅಮೆರಿಕದವರಿಗೆ ತೋರಿಸಬೇಕಿರೋದು ಇದನ್ನ. ದುಡ್ಡಿಗಾಗಿ ಎಲ್ಲಿ ಬೇಕಾದ್ರೂ ದುಡೀಬಹುದು, ಆದರೆ ನಾನು ಯಾರು ಅನ್ನೋದು ಬೇರೆ ಲೆಕ್ಕ ಅಂತ ಗೊತ್ತಿರೋ ಯಾರಿಗಾದ್ರೂ ಇದು ಅರ್ಥವಾಗುತ್ತೆ.

ಒಂದು ಪಂದ್ಯ ನೋಡಿ. ಫೋನ್‌ನಲ್ಲಿ ಬೇರೆ ಏನೂ ತೆರೆದಿರಬೇಡಿ. ಆರರವರೆಗೆ ಎಣಿಸಿ. ಎಷ್ಟನೇ ಟ್ಯಾಕಲ್‌ಗೆ ನೀವು ಕೂತಲ್ಲಿಂದ ಎದ್ದಿರಿ ಅಂತ ಕಾಮೆಂಟ್‌ನಲ್ಲಿ ಬರೀರಿ. ಒಪ್ಪದವರು ಜಗಳಕ್ಕೂ ಬನ್ನಿ, ಇಂಟರ್ನಲ್ಸ್ ಮುಗಿದ ಮೇಲೆ ಎಲ್ಲರಿಗೂ ಉತ್ತರ ಕೊಡ್ತೀನಿ.

#ರಗ್ಬಿಲೀಗ್ #ಆರುಟ್ಯಾಕಲ್ #ಕನ್ನಡದಲ್ಲಿಕ್ರೀಡೆ #ಬಿಕಾಂಬೆಂಚು